ಸರ್ವಿಸ್‌ಗೆ ಹೋಗಿ ಬಂದ ಕಾರಿನ ಗುಣ ಯಾಕೆ ಬದಲಾಗುತ್ತದೆ?

ಮೂಲ್ಕಿ ದಾಟಿ ಶಾಂಭವಿ ಸೇತುವೆ ಇಳಿದ ಮೇಲೆ ಹೆಜಮಾಡಿ ಟೋಲ್‌ವರೆಗಿನ ರಸ್ತೆ ನನಗೆ ಬಾಯಿಪಾಠ. ವಾರಕ್ಕೆ ಎರಡು ಸಲವಾದರೂ ಮಂಗಳೂರಿನಿಂದ ಉಡುಪಿಗೆ ಹೋಗಿ ಬರುವವನು ನಾನು. ಹಾಗಾಗಿ ಜೂನ್ ಕೊನೆಯ ಒಂದು ಬೆಳಿಗ್ಗೆ, ಎದುರಿಗೆ ಏನೂ ಇಲ್ಲದ ರಸ್ತೆಯಲ್ಲಿ ಕಾರು ತಾನಾಗಿ ಬ್ರೇಕ್ ಹಾಕಿದಾಗ ಮೊದಲು ನನ್ನ ಮೇಲೇ ಅನುಮಾನ ಬಂತು. ನಾಯಿ ಅಡ್ಡ ಬಂತಾ? ನಾನು ನೋಡಲಿಲ್ವಾ? ಪಕ್ಕದಲ್ಲಿ ಕೂತಿದ್ದ ಹೆಂಡತಿಯ ಮಡಿಲಿನಿಂದ ಮಲ್ಲಿಗೆ ಚೆಂಡು ಜಾರಿ ಕಾಲಬುಡಕ್ಕೆ ಬಿತ್ತು. ಹಿಂದೆ ಬರುತ್ತಿದ್ದ ಟ್ಯಾಂಕರಿನವ ಉದ್ದಕ್ಕೆ ಹಾರ್ನ್ ಒತ್ತಿ, ಬಯ್ದು, ಮುಂದೆ ಹೋದ. ಅವನು ಬಯ್ದದ್ದು ನನಗೆ, ಕಾರಿಗಲ್ಲ.

ಅದಕ್ಕೆ ನಾಲ್ಕು ದಿನ ಮೊದಲು ಕಾರು ಸರ್ವಿಸ್‌ಗೆ ಹೋಗಿ ಬಂದಿತ್ತು. ಬಿಲ್ಲಿನಲ್ಲಿ ಎಂಜಿನ್ ಆಯಿಲ್, ಫಿಲ್ಟರ್, ವೈಪರ್ ಬ್ಲೇಡ್, ಎಲ್ಲದರ ಮುಂದೆಯೂ ರೂಪಾಯಿ. ಕೊನೆಯಲ್ಲಿ ಮಾತ್ರ ರೂಪಾಯಿ ಇಲ್ಲದ ಒಂದು ಸಾಲು: ಸಾಫ್ಟ್‌ವೇರ್ ಅಪ್‌ಡೇಟ್ ಮಾಡಲಾಗಿದೆ. ಫ್ರೀ ಅಲ್ವಾ ಅಂತ ಖುಷಿಯಲ್ಲಿ ಮಡಚಿ ಇಟ್ಟಿದ್ದೆ. ಹೆಜಮಾಡಿಯ ಬ್ರೇಕ್ ಆದ ಮೇಲೆ ಆ ಬಿಲ್ ಹುಡುಕಿ ತೆಗೆದು ಸರ್ವಿಸ್ ಸೆಂಟರಿಗೆ ಫೋನ್ ಮಾಡಿದೆ.

"ಅಪ್‌ಡೇಟಿನಲ್ಲಿ ಎಂತ ಬದಲಾಗಿದೆ?"

"ಪರ್ಫಾರ್ಮೆನ್ಸ್ ಇಂಪ್ರೂವ್ ಆಗಿದೆ ಸರ್."

"ಯಾವುದರ ಪರ್ಫಾರ್ಮೆನ್ಸ್?"

"ಎಲ್ಲದರದ್ದೂ ಸರ್."

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೂ ಯಾರೂ ಹೇಳಿರಲಿಲ್ಲ. ಆದರೆ 'ಎಲ್ಲದರದ್ದೂ' ಅನ್ನುವ ಆ ಮಾತು ತಲೆಯಲ್ಲಿ ಉಳಿಯಿತು. ಒಂದೂವರೆ ವರ್ಷ ಆ ಕಾರಿನ ಜೊತೆ ಓಡಾಡಿ ಅದರ ಸ್ವಭಾವ ಕಲಿತಿದ್ದೆ. ಎಲ್ಲಿ ಸುಮ್ನೆ ಕಿರುಚುತ್ತದೆ, ಎಲ್ಲಿ ಕಿರುಚಬೇಕಾದರೂ ಸುಮ್ಮನಿರುತ್ತದೆ, ಸ್ಟೀರಿಂಗ್ ಎಷ್ಟು ಎಳೆಯುತ್ತದೆ, ಎಲ್ಲ ಗೊತ್ತಿತ್ತು. ಒಂದು ಮಧ್ಯಾಹ್ನದಲ್ಲಿ ಅದಷ್ಟೂ ಹಳತಾಯಿತು. ಮನೆಯ ಹಳೇ ಡ್ರೈವರನ್ನು ಕಳಿಸಿ, ಅದೇ ಅಂಗಿ ಹಾಕಿಸಿ ಬೇರೆಯವನನ್ನು ಕೂರಿಸಿದ ಹಾಗೆ. ಹೊಸಬ ಇನ್ನೂ ಒಳ್ಳೆಯ ಡ್ರೈವರೇ ಇರಬಹುದು. ಆದರೆ ಬದಲಾದದ್ದನ್ನು ಹೇಳಬೇಕು ಅಲ್ವಾ?

ಚಾಲಕನಿಗೆ ಸಹಾಯಕ್ಕೆ ಅಂತ ತಾನಾಗಿ ಎಚ್ಚರಿಸುವ, ಬ್ರೇಕ್ ಹಾಕುವ, ಸ್ಟೀರಿಂಗ್ ಎಳೆಯುವ, ಅಡಾಸ್ ಅಂತ ಎಲ್ಲರೂ ಕರೆಯುವ ಈ ವ್ಯವಸ್ಥೆ ಭಾರತಕ್ಕೆ ಬಂದು ಜಾಸ್ತಿ ವರ್ಷ ಆಗಿಲ್ಲ. 2020ರಲ್ಲಿ ಎಂಜಿ ಗ್ಲೋಸ್ಟರ್, 2021ರಲ್ಲಿ ಮಹೀಂದ್ರ ಎಕ್ಸ್‌ಯುವಿ700, 2023ರಲ್ಲಿ ಟಾಟಾ ಹ್ಯಾರಿಯರ್, 2024ರ ಜನವರಿಯಲ್ಲಿ ಹೊಸ ಹುಂಡೈ ಕ್ರೆಟಾ, ಅದೇ ವರ್ಷದ ಕೊನೆಗೆ ಹೋಂಡಾ ಅಮೇಜ್. ದೊಡ್ಡವರ ಕಾರಿನಲ್ಲಿದ್ದದ್ದು ನಾಲ್ಕು ವರ್ಷದಲ್ಲಿ ನಮ್ಮಂಥವರ ಕಾರಿಗೆ ಇಳಿಯಿತು. ಒಳಗಿನ ಸಾಮಾನು ಹೆಚ್ಚೇನಿಲ್ಲ. ಮುಂದಿನ ಗ್ಲಾಸಿನ ಮೇಲ್ಭಾಗದಲ್ಲಿ, ಕನ್ನಡಿಯ ಹಿಂದೆ ಒಂದು ಕ್ಯಾಮರಾ. ಬಂಪರ್ ಅಥವಾ ಗ್ರಿಲ್ಲಿನ ಒಳಗೆ, ಅಲೆ ಕಳಿಸಿ ಎದುರಿನದ್ದರ ದೂರ, ವೇಗ ಅಳೆಯುವ ಒಂದು ರಾಡಾರ್. ಕೆಲವು ಕಾರಿನಲ್ಲಿ ಹಿಂದಿನ ಎರಡು ಮೂಲೆಗಳಲ್ಲೂ ಚಿಕ್ಕ ರಾಡಾರ್. ಭಾರತದ ಹೋಂಡಾ ಕಾರುಗಳಂತೆ ಕ್ಯಾಮರಾ ಒಂದನ್ನೇ ನಂಬಿದವೂ ಉಂಟು. ಇವು ಕಂಡದ್ದನ್ನು ಒಂದು ಚಿಕ್ಕ ಕಂಪ್ಯೂಟರ್ ನೋಡಿ, ಬ್ರೇಕಿಗೂ ಸ್ಟೀರಿಂಗಿಗೂ ಮಾತು ಹೇಳುತ್ತದೆ.

ಅಮೆರಿಕದ ಎಸ್‌ಎಇ ಎಂಬ ಎಂಜಿನಿಯರುಗಳ ಸಂಸ್ಥೆ ಇದನ್ನು 0ರಿಂದ 5ರವರೆಗೆ ಆರು ಮೆಟ್ಟಿಲು ಮಾಡಿದೆ. ಜಾಹೀರಾತಿನಲ್ಲಿ ದೊಡ್ಡಕ್ಷರದಲ್ಲಿ ಬರುವ 'ಲೆವೆಲ್ 2' ಅಂದರೆ ವೇಗ ಮತ್ತು ಸ್ಟೀರಿಂಗ್ ಎರಡಕ್ಕೂ ಕಾರು ಸಹಾಯ ಮಾಡುತ್ತದೆ, ಆದರೆ ಕಣ್ಣು ನಿಮ್ಮದೇ, ಹೊಣೆಯೂ ನಿಮ್ಮದೇ. ಎರಡನೇ ಅರ್ಧ ಜಾಹೀರಾತಿನಲ್ಲಿ ಅಷ್ಟು ದೊಡ್ಡದಾಗಿ ಬರುವುದಿಲ್ಲ.

ಇನ್ನು ಅಪ್‌ಡೇಟ್ ಅಂದರೆ ಏನು ಬದಲಾಗುತ್ತದೆ? ಕ್ಯಾಮರಾ ಅದೇ, ರಾಡಾರ್ ಅದೇ. ಬದಲಾಗುವುದು ಅವು ಕಂಡದ್ದನ್ನು ಎಷ್ಟು ನಂಬಬೇಕು ಅನ್ನುವ ಲೆಕ್ಕ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಹೆಚ್ಚಿನ ಗೊಂದಲ ಇಲ್ಲೇ ಇದೆ.

ಯಂತ್ರಕ್ಕೆ 'ಎದುರಿಗೆ ಲಾರಿ ಇದೆ' ಅನ್ನುವುದು ಹೌದು-ಅಲ್ಲ ಅನ್ನುವ ವಿಷಯವಲ್ಲ. ಅದು ಅಂದಾಜು. ನೂರಕ್ಕೆ 60 ಪಾಲು ಲಾರಿ ಅನ್ನಿಸುತ್ತದೆ, 90 ಪಾಲು ಅನ್ನಿಸುತ್ತದೆ, ಹೀಗೆ. ಎಷ್ಟು ಪಾಲಿಗೆ ಬ್ರೇಕ್ ಹಾಕಬೇಕು ಅಂತ ಒಂದು ಗೆರೆ ಎಳೆಯುವವರು ಎಂಜಿನಿಯರುಗಳು. ಗೆರೆ ಕೆಳಗೆ ಎಳೆದರೆ ನೆರಳಿಗೂ ಬ್ರೇಕ್ ಬೀಳುತ್ತದೆ. ಮೇಲೆ ಎಳೆದರೆ ನಿಜವಾದ ಲಾರಿಯನ್ನೂ ತಡವಾಗಿ ಒಪ್ಪಿಕೊಳ್ಳುತ್ತದೆ. ಎರಡೂ ತಪ್ಪುಗಳನ್ನು ಒಟ್ಟಿಗೆ ಸೊನ್ನೆ ಮಾಡುವ ಗೆರೆ ಇಲ್ಲ. ಒಂದನ್ನು ಒತ್ತಿದರೆ ಇನ್ನೊಂದು ಉಬ್ಬುತ್ತದೆ.

ಒಂದು ಸುಮ್ಮನೆ ಲೆಕ್ಕ ಹಾಕೋಣ. ಕ್ಯಾಮರಾ ಸೆಕೆಂಡಿಗೆ 30 ಚಿತ್ರ ತೆಗೆಯುತ್ತದೆ ಅಂತ ಇಟ್ಟುಕೊಳ್ಳಿ. ಮಂಗಳೂರಿನಿಂದ ಉಡುಪಿಗೆ ಒಂದು ಗಂಟೆ ಹಿಡಿದರೆ 1,08,000 ಚಿತ್ರ. ಲಕ್ಷಕ್ಕೆ ಒಂದೇ ಒಂದು ಚಿತ್ರದಲ್ಲಿ ತಪ್ಪು ಕಂಡರೂ ಪ್ರತಿ ಪ್ರಯಾಣದಲ್ಲಿ ಒಮ್ಮೆ ಸುಳ್ಳು ಬ್ರೇಕ್. ಇದಕ್ಕಾಗಿಯೇ ಕಾರು ಒಂದು ಚಿತ್ರವನ್ನು ನಂಬುವುದಿಲ್ಲ, ಸಾಲಾಗಿ ಕೆಲವು ಚಿತ್ರಗಳಲ್ಲಿ ಅದೇ ವಸ್ತು ಕಂಡರೆ ಮಾತ್ರ ನಂಬುತ್ತದೆ. ಹಾಗಾದರೆ ಎಷ್ಟು ಚಿತ್ರ? ಮೂರು ಜಾಸ್ತಿ ಕಾಯಿರಿ ಅಂದರೆ 0.1 ಸೆಕೆಂಡ್ ತಡ. 80 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ 22 ಮೀಟರ್ ಓಡುತ್ತದೆ, ಅಂದರೆ ಆ ಮೂರು ಚಿತ್ರದ ಬೆಲೆ 2.2 ಮೀಟರ್. ಒಂದು ಸ್ಕೂಟರಿನ ಉದ್ದಕ್ಕಿಂತ ಹೆಚ್ಚು. ಅಪ್‌ಡೇಟಿನಲ್ಲಿ ಬದಲಾಗುವುದು ಇಂಥ ಅಂಕಿಗಳು. ನಮ್ಮ ಬಿಲ್ಲಿನಲ್ಲಿ ಅವು ಒಂದೇ ಸಾಲು.

ರಾಡಾರಿನ ಕಥೆ ಬೇರೆ. ಅದು ಮುಖ್ಯವಾಗಿ ಚಲಿಸುವ ವಸ್ತುಗಳನ್ನು ಚೆನ್ನಾಗಿ ಗುರುತಿಸುತ್ತದೆ. ನಿಂತ ವಸ್ತುಗಳಿಂದಲೂ ಅಲೆ ವಾಪಸ್ ಬರುತ್ತದೆ, ಆದರೆ ರಸ್ತೆಯಲ್ಲಿ ನಿಂತದ್ದಕ್ಕೆ ಲೆಕ್ಕವೇ ಇಲ್ಲ. ಬೋರ್ಡು, ಡಿವೈಡರಿನ ಕಬ್ಬಿಣ, ಮೇಲ್ಸೇತುವೆ, ಟೋಲಿನ ಕಮಾನು. ಎಲ್ಲದಕ್ಕೂ ಬ್ರೇಕ್ ಹಾಕಿದರೆ ಕಾರು ಮುಂದೆ ಹೋಗುವುದಿಲ್ಲ. ಹಾಗಾಗಿ ನಿಂತ ವಸ್ತುಗಳ ಸದ್ದನ್ನು ಸಾಫ್ಟ್‌ವೇರ್ ಬಹುಪಾಲು ಸೋಸಿ ಬಿಡುತ್ತದೆ. ಈಗ ನಮ್ಮ 66ನೇ ಹೆದ್ದಾರಿ ನೆನಪಿಸಿಕೊಳ್ಳಿ. ರಾತ್ರಿ ಕೆಟ್ಟು ನಿಂತ ಲಾರಿ, ಹಿಂದಿನ ದೀಪ ಇಲ್ಲ, ಎಚ್ಚರಿಕೆಗೆ ಅಂತ ಹತ್ತು ಹೆಜ್ಜೆ ಹಿಂದೆ ನಾಲ್ಕು ಕಲ್ಲು, ಒಂದು ಮರದ ಗೆಲ್ಲು. ಗೆಲ್ಲು ನೋಡಿದರೆ ನಮಗೆ ಎಲ್ಲ ಅರ್ಥವಾಗುತ್ತದೆ. ಆ ಗೆಲ್ಲಿನ ಭಾಷೆ ಯಾವ ದೇಶದ ಸಾಫ್ಟ್‌ವೇರಿಗೂ ಯಾರೂ ಕಲಿಸಿದ ಹಾಗೆ ಕಾಣುವುದಿಲ್ಲ.

ಹೆಜಮಾಡಿಯಲ್ಲಿ ನನಗಾದದ್ದು ಸುಳ್ಳು ಬ್ರೇಕ್. ಕಾರಿನ ಲೋಕದಲ್ಲಿ ಇದಕ್ಕೆ ಫ್ಯಾಂಟಮ್ ಬ್ರೇಕಿಂಗ್ ಅನ್ನುತ್ತಾರೆ, ಭೂತ ಹಾಕಿದ ಬ್ರೇಕ್ ಅನ್ನುವ ಅರ್ಥದಲ್ಲಿ. ನಮ್ಮೂರಲ್ಲಿ ಭೂತ ಅಂದರೆ ಕೈಮುಗಿಯುವ ವಿಷಯ. ಕಾರಿನ ತಪ್ಪನ್ನು ಅದರ ತಲೆಗೆ ಕಟ್ಟುವುದು ಬೇಡ ಅಂತ ನಾನು ಸುಳ್ಳು ಬ್ರೇಕ್ ಅಂತಲೇ ಬರೆಯುತ್ತೇನೆ.

ಈ ಸುಳ್ಳು ಬ್ರೇಕಿನ ಚರಿತ್ರೆ ಓದಬೇಕಾದರೆ ಅಮೆರಿಕಕ್ಕೆ ಹೋಗಬೇಕು. ಅಲ್ಲಿ ಟೆಸ್ಲಾ ಕಂಪನಿ ಫೋನಿಗೆ ಅಪ್‌ಡೇಟ್ ಕಳಿಸಿದ ಹಾಗೆ ಕಾರಿಗೂ ಮನೆಯ ವೈಫೈಯಲ್ಲೇ ಕಳಿಸುತ್ತದೆ. ಅಲ್ಲಿನ ರಸ್ತೆ ಸುರಕ್ಷತಾ ಇಲಾಖೆ ಎನ್‌ಎಚ್‌ಟಿಎಸ್‌ಎ ಚಾಲಕರ ದೂರುಗಳನ್ನು ಯಾರು ಬೇಕಾದರೂ ಓದುವ ಹಾಗೆ ಇಡುತ್ತದೆ. ಹಾಗಾಗಿ ಯಾವ ಅಪ್‌ಡೇಟ್ ಆದಮೇಲೆ ಏನಾಯಿತು ಅನ್ನುವುದು ದಾಖಲೆಯಲ್ಲಿ ಉಳಿದಿದೆ.

2021ರ ಅಕ್ಟೋಬರ್ ಕೊನೆಯ ವಾರ ಟೆಸ್ಲಾ ತನ್ನ ಎಫ್‌ಎಸ್‌ಡಿ ಬೀಟಾದ 10.3 ಆವೃತ್ತಿಯನ್ನು ಪ್ರಯೋಗಕ್ಕೆ ಒಪ್ಪಿದ ಚಾಲಕರಿಗೆ ಕಳಿಸಿತು. ಎಫ್‌ಎಸ್‌ಡಿ ಅಂದರೆ 'ಪೂರ್ತಿ ತಾನೇ ಓಡಿಸುತ್ತದೆ' ಅನ್ನುವ ಹೆಸರು, ಕೆಲಸ ಮಾತ್ರ ಲೆವೆಲ್ 2. ಅಪ್‌ಡೇಟ್ ಬಂದ ಕೂಡಲೇ ಕೆಲವರ ಕಾರು ಖಾಲಿ ರಸ್ತೆಯಲ್ಲಿ 'ಡಿಕ್ಕಿಯಾಗುತ್ತದೆ' ಅಂತ ಕಿರುಚಿ ಬ್ರೇಕ್ ಹಾಕತೊಡಗಿತು. ಕಂಪನಿ ಮರುದಿನವೇ ಅದನ್ನು ವಾಪಸ್ ಪಡೆಯಿತು. ಆಮೇಲೆ 11,704 ಕಾರುಗಳಿಗೆ ಅಧಿಕೃತ ರೀಕಾಲ್ ಆಯಿತು, ಅಂದರೆ ದೋಷ ಇದೆ ಅಂತ ಒಪ್ಪಿ ಸರಿ ಮಾಡಿಕೊಡುವುದು. ಕಾರಣ ಕೇಳಿದರೆ ಆಶ್ಚರ್ಯ. ಕಾರಿನ ಒಳಗಿನ ಎರಡು ಚಿಪ್‌ಗಳ ನಡುವೆ ಮಾತುಕತೆ ತಪ್ಪಿತ್ತು. ಅದರಿಂದ ಎದುರಿನ ವಾಹನದ ವೇಗ ತಪ್ಪಾಗಿ ಲೆಕ್ಕ ಆಗಿತ್ತು. ರಸ್ತೆಯಲ್ಲೂ ತೊಂದರೆ ಇರಲಿಲ್ಲ, ಕ್ಯಾಮರಾದಲ್ಲೂ ಇರಲಿಲ್ಲ.

ಅದೇ ವರ್ಷದ ಮೇ ತಿಂಗಳಿಂದ ಟೆಸ್ಲಾ ಅಮೆರಿಕದ ಮಾಡೆಲ್ 3 ಮತ್ತು ಮಾಡೆಲ್ ವೈ ಕಾರುಗಳಿಗೆ ರಾಡಾರ್ ಹಾಕುವುದನ್ನೇ ನಿಲ್ಲಿಸಿತ್ತು. ಕ್ಯಾಮರಾ ಸಾಕು ಅನ್ನುವ ವಾದ. 2022ರ ಫೆಬ್ರವರಿ ಹೊತ್ತಿಗೆ ಒಂಬತ್ತು ತಿಂಗಳಲ್ಲಿ 354 ಸುಳ್ಳು ಬ್ರೇಕಿನ ದೂರು ಬಂದಿದ್ದವು. ಸುಮಾರು 4,16,000 ಕಾರುಗಳ ಮೇಲೆ ತನಿಖೆ ಶುರುವಾಯಿತು. ಅದೇ ಹೊತ್ತಿಗೆ ಇನ್ನೊಂದು ರೀಕಾಲ್, 53,822 ಕಾರುಗಳದ್ದು. ಇದರ ಕಥೆ ನನಗೆ ಎಲ್ಲಕ್ಕಿಂತ ಇಷ್ಟ. ಅಲ್ಲಿ 'ಸ್ಟಾಪ್' ಬೋರ್ಡ್ ಇದ್ದಲ್ಲಿ ಗಾಡಿ ಪೂರ್ತಿ ನಿಲ್ಲಿಸಬೇಕು, ಅದು ಕಾನೂನು. ಜನ ನಿಲ್ಲಿಸುವುದಿಲ್ಲ, ಮೆಲ್ಲ ಉರುಳಿಸಿಕೊಂಡು ಹೋಗುತ್ತಾರೆ. ಯಾರೂ ಇಲ್ಲದಿದ್ದರೆ ಗಂಟೆಗೆ ಸುಮಾರು 9 ಕಿ.ಮೀ. ವೇಗದವರೆಗೆ ಹಾಗೆಯೇ ಉರುಳಿ ಹೋಗುವ ಗುಣವನ್ನು ಅಪ್‌ಡೇಟಿನಲ್ಲೇ ಕಾರಿಗೂ ಕಲಿಸಿದ್ದರು. ಮನುಷ್ಯರ ಕೆಟ್ಟ ಚಾಳಿ ಸಾಫ್ಟ್‌ವೇರಿಗೆ ಏರಿತ್ತು, ಮತ್ತೊಂದು ಅಪ್‌ಡೇಟಿನಲ್ಲಿ ಇಳಿಸಬೇಕಾಯಿತು. ಸುರತ್ಕಲ್-ಹಂಪನಕಟ್ಟೆ ನಡುವೆ ನಮ್ಮನ್ನು ನೋಡಿ ಕಾರು ಕಲಿಯತೊಡಗಿದರೆ ಏನೆಲ್ಲ ಇಳಿಸಬೇಕಾದೀತು ಅಂತ ಯೋಚಿಸಿ ನಕ್ಕಿದ್ದೇನೆ.

2023ರ ಡಿಸೆಂಬರಿನಲ್ಲಿ 20 ಲಕ್ಷಕ್ಕೂ ಹೆಚ್ಚು ಟೆಸ್ಲಾ ಕಾರುಗಳಿಗೆ ಒಟ್ಟಿಗೆ ರೀಕಾಲ್ ಆಯಿತು. ಚಾಲಕ ರಸ್ತೆ ನೋಡುತ್ತಿದ್ದಾನೋ ಇಲ್ಲವೋ ಅಂತ ಟೆಸ್ಲಾದ ಆಟೋಪೈಲಟ್ ಅನ್ನುವ ಚಾಲನಾ ಸಹಾಯ ಸರಿಯಾಗಿ ಗಮನಿಸುತ್ತಿಲ್ಲ ಅನ್ನುವುದು ದೂರು. ಔಷಧ ಮತ್ತೆ ಅಪ್‌ಡೇಟೇ, ಎಚ್ಚರಿಕೆ ಜಾಸ್ತಿ ಮಾಡಿದರು. ಅಪ್‌ಡೇಟ್ ಹಾಕಿದ ಮೇಲೂ ಅಪಘಾತದ ವರದಿ ಬಂದದ್ದರಿಂದ ಈ ಔಷಧ ಸಾಕೇ ಅಂತ 2024ರ ಏಪ್ರಿಲಿನಲ್ಲಿ ಇಲಾಖೆ ಇನ್ನೊಂದು ತನಿಖೆ ತೆರೆಯಿತು.

2024ರಲ್ಲಿ ಬಂದ ಎಫ್‌ಎಸ್‌ಡಿಯ 12ನೇ ಆವೃತ್ತಿಯಿಂದ ವಿಷಯ ಇನ್ನೂ ಸೂಕ್ಷ್ಮವಾಯಿತು. ಅದಕ್ಕೆ ಮೊದಲು ಎಂಜಿನಿಯರುಗಳು ಕೈಯಲ್ಲಿ ಬರೆದ ನಿಯಮಗಳು ಜಾಸ್ತಿ ಇದ್ದವು: ಹೀಗಿದ್ದರೆ ಹೀಗೆ ಮಾಡು. ಈಗ ಜನ ಓಡಿಸಿದ ವಿಡಿಯೋಗಳನ್ನು ತೋರಿಸಿ ತೋರಿಸಿ ಕಲಿಸುತ್ತಾರೆ. ಕಾರು ಹೆಚ್ಚು ನಯವಾಗಿ ಓಡುತ್ತದೆ ಅಂತ ಓಡಿಸಿದ ಎಷ್ಟೋ ಜನ ಹೇಳಿದರು. ಆದರೆ ಬರೆದ ನಿಯಮ ಬದಲಾದರೆ ಯಾವ ಸಾಲು ಬದಲಾಯಿತು ಅಂತ ತೋರಿಸಬಹುದು. ಕಲಿತ ಬುದ್ಧಿ ಬದಲಾದರೆ ಏನು ತೋರಿಸುವುದು? ಒಂದು ತಿರುವು ಸರಿ ಮಾಡಲು ಮತ್ತೆ ಕಲಿಸಿದಾಗ ಇನ್ನೊಂದು ತಿರುವು ಮರೆತುಹೋಗಬಹುದು. ಮಕ್ಕಳಿಗೆ ಪರೀಕ್ಷೆಗೆ ಓದಿಸಿದವರಿಗೆ ಇದು ಹೊಸದಲ್ಲ. 'ಎಲ್ಲದರದ್ದೂ ಸರ್' ಅನ್ನುವ ಉತ್ತರ ಮುಂದೆ ಸುಳ್ಳೂ ಆಗಲಾರದು ಅನ್ನುವುದೇ ನನ್ನ ಹೆದರಿಕೆ. 2025ರ ಜುಲೈಯಲ್ಲಿ ಟೆಸ್ಲಾ ಮುಂಬೈಯಲ್ಲಿ ಅಂಗಡಿ ತೆರೆದಾಗ ಬೆಲೆಪಟ್ಟಿಯಲ್ಲಿ ಎಫ್‌ಎಸ್‌ಡಿಗೆ 6 ಲಕ್ಷ ರೂಪಾಯಿ ಅಂತ ಇತ್ತು, ಸೌಲಭ್ಯ ಮಾತ್ರ ಮುಂದೆ ಯಾವಾಗಲೋ ಅಂತ. ಅಷ್ಟು ದುಡ್ಡಿಗೆ ಒಳ್ಳೆಯ ಸೆಕೆಂಡ್‌ಹ್ಯಾಂಡ್ ಕಾರು ಡ್ರೈವರ್ ಸಮೇತ ಸ್ವಲ್ಪ ಕಾಲ ಇಟ್ಟುಕೊಳ್ಳಬಹುದು.

ನಮ್ಮ ಕರಾವಳಿಗೆ ಬರೋಣ. ಇಲ್ಲಿ ಓಡಿಸುವವರನ್ನು ಕೇಳುತ್ತಾ ಹೋದೆ.

ವಿಮಾನ ನಿಲ್ದಾಣದಿಂದ ಮಣಿಪಾಲಕ್ಕೆ ಬಾಡಿಗೆ ಹೊಡೆಯುವ ಪರಿಚಯದ ಡ್ರೈವರ್ ಒಬ್ಬರಿದ್ದಾರೆ. ಅವರ ಮಾಲಕರ ಕಾರಿಗೂ ಅಪ್‌ಡೇಟ್ ಆಗಿತ್ತು. ಅವರ ಕಥೆ ಕೇಳಿ. ಮೊದಲು ಬಿಳಿ ಗೆರೆ ಮಾಸಿದ ಕಡೆ ಲೇನ್ ಹಿಡಿಯುವ ಸಹಾಯ ತಾನಾಗಿ ಬಿಟ್ಟುಬಿಡುತ್ತಿತ್ತು, ಪರದೆಯ ಮೇಲೆ ಹಸಿರು ಗೆರೆ ಬೂದಿ ಬಣ್ಣಕ್ಕೆ ತಿರುಗುತ್ತಿತ್ತು. ಅಪ್‌ಡೇಟ್ ಆದಮೇಲೆ ಅದು ಬೇಗ ಬಿಡುವುದಿಲ್ಲ, ಅರ್ಧ ಮಾಸಿದ ಗೆರೆಯನ್ನೂ ಹಿಡಿದುಕೊಳ್ಳುತ್ತದೆ. ಕಾಗದದಲ್ಲಿ ಇದು ಸುಧಾರಣೆಯೇ. ಸಂತೆಕಟ್ಟೆಯಲ್ಲಿ ಅಂಡರ್‌ಪಾಸ್ ಕೆಲಸ ನಡೆಯುತ್ತಿದ್ದ ಕಾಲ ಅದು. ವಾಹನಗಳು ಪಕ್ಕದ ದಾರಿಗೆ ತಿರುಗಬೇಕು. ರಸ್ತೆಯ ಮೇಲಿನ ಹಳೇ ಬಿಳಿ ಗೆರೆ ಮಾತ್ರ ನೆಟ್ಟಗೆ ಅಗೆದ ಜಾಗದ ಕಡೆಗೇ ಹೋಗುತ್ತಿತ್ತು. "ನಾನು ಎಡಕ್ಕೆ ತಿರುಗಿಸ್ತೇನೆ, ಅದು ಬಲಕ್ಕೆ ಎಳಿತದೆ ಮಾರಾಯ್ರೆ" ಅಂದರು. "ಇಂಡಿಕೇಟರ್ ಹಾಕಿದ್ರೆ ಎಳೆಯುದಿಲ್ಲ ಅಂತ ಆಮೇಲೆ ಗೊತ್ತಾಯ್ತು." ಅವರು ಹೇಳಿದ್ದು ಸರಿ. ಇಂಡಿಕೇಟರ್ ಹಾಕಿದರೆ ಚಾಲಕ ಬೇಕೆಂದೇ ಗೆರೆ ದಾಟುತ್ತಿದ್ದಾನೆ ಅಂತ ಕಾರು ತಿಳಿದು ಸುಮ್ಮನಾಗುತ್ತದೆ. ಆದರೆ ತಿರುಗಿಸಿದ ರಸ್ತೆಯಲ್ಲಿ ಇಂಡಿಕೇಟರ್ ಹಾಕುವ ಅಭ್ಯಾಸ ನಮ್ಮಲ್ಲಿ ಯಾರಿಗೆ ಇದೆ?

ಲೇನ್ ಹಿಡಿಯುವ ಈ ಸಹಾಯ ಹೆಚ್ಚಿನ ಕಾರುಗಳಲ್ಲಿ 60 ಕಿ.ಮೀ. ಆಸುಪಾಸಿನ ವೇಗದಿಂದ ಶುರುವಾಗುತ್ತದೆ. ಅಂದರೆ ಮಂಗಳೂರು ಪೇಟೆಯ ಒಳಗೆ ಅದರ ಉಪಕಾರವೂ ಇಲ್ಲ, ಉಪದ್ರವೂ ಇಲ್ಲ. ನಂತೂರು, ಕೊಟ್ಟಾರ ಚೌಕಿಯಲ್ಲಿ 60ರಲ್ಲಿ ಹೋಗುವ ಭಾಗ್ಯ ಬೆಳಗ್ಗೆ ಐದು ಗಂಟೆಗೆ ಮಾತ್ರ. ಆಗುಂಬೆ ಘಾಟಿಯ 14 ತಿರುವುಗಳಲ್ಲೂ ಅದೇ ಕಥೆ.

ಬಸ್ಸಿನ ವಿಷಯಕ್ಕೆ ಸ್ವಲ್ಪ ಜಾಗ ಕೊಡಲೇಬೇಕು. ಅಡಾಪ್ಟಿವ್ ಕ್ರೂಸ್ ಅನ್ನುವುದು ಮುಂದಿನ ವಾಹನದಿಂದ ಅಂತರ ಇಟ್ಟುಕೊಂಡು ಓಡುತ್ತದೆ. ಎರಡು ಸೆಕೆಂಡಿನ ಅಂತರ ಇಟ್ಟರೆ, 80ರ ವೇಗದಲ್ಲಿ 44 ಮೀಟರ್. ಪುಸ್ತಕದ ಪ್ರಕಾರ ಅದು ಸುರಕ್ಷಿತ. ಮಂಗಳೂರು-ಮಣಿಪಾಲ ಎಕ್ಸ್‌ಪ್ರೆಸ್ ಬಸ್ಸಿನವನ ಪ್ರಕಾರ ಅದು ಮೂರು ಬಸ್ಸು ನಿಲ್ಲಿಸುವ ಜಾಗ. ಅವನಿಗೆ ಟೈಮಿಂಗ್ ಉಂಟು, ಹಿಂದೆ ಇನ್ನೊಂದು ಬಸ್ಸು ಉಂಟು. ನುಗ್ಗುತ್ತಾನೆ. ಕಾರು ಮತ್ತೆ 44 ಮೀಟರ್ ಹಿಂದೆ ಸರಿಯಲು ಬ್ರೇಕ್ ಹಾಕುತ್ತದೆ. ಆ ಜಾಗಕ್ಕೆ ಇನ್ನೊಬ್ಬ. ಪಡುಬಿದ್ರಿ ಮುಟ್ಟುವಷ್ಟರಲ್ಲಿ ನಾವು ಎಲ್ಲರಿಗೂ ದಾರಿ ಬಿಟ್ಟುಕೊಟ್ಟ ದೊಡ್ಡ ಮನುಷ್ಯರು. ಹಳೆಯ ಸಾಫ್ಟ್‌ವೇರಿನಲ್ಲಿ ನನ್ನ ಕಾರು ಇಂಥ ಕಡೆ ತುಸು ಮೆತ್ತಗೆ ನಿಧಾನ ಮಾಡುತ್ತಿತ್ತು. ಹೊಸದರಲ್ಲಿ ಬಸ್ಸಿನ ಮೂತಿ ಲೇನಿಗೆ ತಾಗಿದ ಕೂಡಲೇ ಗಟ್ಟಿಯಾಗಿ ಒತ್ತುತ್ತದೆ. ಮುಂದಿನದ್ದಕ್ಕೆ ಇದು ಒಳ್ಳೆಯದು. ಹಿಂದಿನಿಂದ ಬರುವವನಿಗೆ? ಹೆದ್ದಾರಿಯಲ್ಲಿ ಹಿಂದಿನವರು ನಮ್ಮಿಂದ ಅರ್ಧ ಸೆಕೆಂಡ್ ದೂರ ಇದ್ದರೆ ಪುಣ್ಯ. ಹಿಂದೆ ಯಾರೂ ಅಷ್ಟು ಹತ್ತಿರ ಬರುವುದಿಲ್ಲ ಅನ್ನುವ ದೇಶಕ್ಕೆ ಸರಿಯಾದ ಗೆರೆ, ಟ್ಯಾಂಕರುಗಳ ನಡುವೆ ಓಡುವ ಬೈಕಂಪಾಡಿಗೆ ಸರಿಯಲ್ಲ. ಅಪ್‌ಡೇಟ್ ಎಲ್ಲಿಗೆ ಅಂತ ಅಳತೆ ಮಾಡಿ ಹೊಲಿದದ್ದು ಅನ್ನುವ ಪ್ರಶ್ನೆ ಅದಕ್ಕೇ ಮುಖ್ಯ.

ಇನ್ನು ಮಳೆ. ನಮ್ಮಲ್ಲಿ ವರ್ಷಕ್ಕೆ 3,500 ಮಿ.ಮೀ.ಗಿಂತ ಹೆಚ್ಚು ಬೀಳುತ್ತದೆ, ಅದರ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಕಾರಿನ ರಾಡಾರ್ 77 ಗಿಗಾಹರ್ಟ್ಸ್ ಆಸುಪಾಸಿನ ಅಲೆ ಬಳಸುತ್ತದೆ. ಆ ಅಲೆಯ ಉದ್ದ ಸುಮಾರು 4 ಮಿ.ಮೀ. ಆಟಿ ತಿಂಗಳ ದಪ್ಪ ಹನಿಯೂ ಹೆಚ್ಚುಕಡಿಮೆ ಅಷ್ಟೇ ಗಾತ್ರ. ಹಾಗಾಗಿ ಜಡಿಮಳೆಯಲ್ಲಿ ಅಲೆ ಚದುರಿ ಶಕ್ತಿ ಕುಗ್ಗುತ್ತದೆ. ಆದರೂ ರಾಡಾರ್ ಪೂರ್ತಿ ಕುರುಡಾಗುವುದಿಲ್ಲ. ಮೊದಲು ಸೋಲುವುದು ಕ್ಯಾಮರಾ. ನೀರು ನಿಂತ ರಸ್ತೆಯಲ್ಲಿ ಬಿಳಿ ಗೆರೆ ಕಾಣುವುದಿಲ್ಲ, ಎದುರಿನ ಹೆಡ್‌ಲೈಟ್ ನೀರಿನಲ್ಲಿ ಉದ್ದಕ್ಕೆ ಗೆರೆಯ ಹಾಗೆ ಹೊಳೆಯುತ್ತದೆ, ಗ್ಲಾಸಿನ ಒಳಗೆ ಮಂಜು ಕೂರುತ್ತದೆ. ನನ್ನ ಕಾರಿನ ಪರದೆಯಲ್ಲಿ ಆಗ ಒಂದು ಸಂದೇಶ ಬರುತ್ತದೆ, ಸಹಾಯ ತಾತ್ಕಾಲಿಕವಾಗಿ ಲಭ್ಯವಿಲ್ಲ ಅಂತ. ಹೆಚ್ಚು ಬೇಕಾದ ಹೊತ್ತಿಗೇ ರಜೆ ಹಾಕುವ ಆಳು! ಆದರೆ ಒಂದು ಮಾತು ಒಪ್ಪಬೇಕು. ಹಳೇ ಸಾಫ್ಟ್‌ವೇರ್ ಈ ಸಂದೇಶವನ್ನು ತಡವಾಗಿ ಕೊಡುತ್ತಿತ್ತು, ಹೊಸದು ಬೇಗ ಕೊಡುತ್ತದೆ. ಗೊತ್ತಿಲ್ಲ ಅಂತ ಬೇಗ ಒಪ್ಪಿಕೊಳ್ಳುವ ಕಾರೇ ನನಗೆ ಇಷ್ಟ. ಈ ಅಪ್‌ಡೇಟಿನಲ್ಲಿ ನಿಜವಾಗಿ ಸುಧಾರಿಸಿದ್ದು ಅದೊಂದೇ ಅನ್ನಿಸಿದೆ.

ನನ್ನ ಭಾವನ ಅನುಭವ ಪೂರ್ತಿ ಉಲ್ಟಾ. ಅವರು ಮಣಿಪಾಲದಲ್ಲಿ ಕೆಲಸ ಮಾಡುವವರು, ಮನೆ ಮಂಗಳೂರಿನಲ್ಲಿ. ಅವರ ಕಾರಿಗೆ ಅಪ್‌ಡೇಟ್ ಆದಮೇಲೆ ಎಡಬದಿಯಲ್ಲಿ ನುಸುಳುವ ಪ್ರತಿ ಸ್ಕೂಟರಿಗೂ ಬೀಪ್ ಅನ್ನುವುದು ನಿಂತಿತು. "ಈಗ ಮನುಷ್ಯರ ಹಾಗೆ ಓಡ್ತದೆ ಮಾರಾಯ, ನೀನು ಸುಮ್ನೆ ತಕರಾರು ತೆಗೀತಿ" ಅಂತ ನನಗೇ ಬಯ್ದರು. ಒಂದು ತಿಂಗಳ ನಂತರ ಅವರೇ ಫೋನ್ ಮಾಡಿದರು. ಕಟಪಾಡಿ ಹತ್ತಿರ ರಾತ್ರಿ ಒಂಬತ್ತೂವರೆಗೆ ಡಿವೈಡರಿನ ಸಂದಿಯಿಂದ ರಾಂಗ್ ಸೈಡಲ್ಲಿ ಸ್ಕೂಟರ್ ಬಂತು. ಕಾರು ಎಚ್ಚರಿಸಲಿಲ್ಲ. ಅವರು ನೋಡಿದ್ದೂ ತಡವಾಗಿ. ಹೇಗೋ ತಪ್ಪಿತು. "ಮೊದಲಾದ್ರೆ ನಾನು ಇನ್ನೂ ಬೇಗ ನೋಡ್ತಿದ್ದೆ" ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ಒಳ್ಳೆದಾದ ಹಾಗೆ ನಾನು ನೋಡುದು ಕಮ್ಮಿ ಮಾಡಿದ್ದೆ" ಅಂದರು.

ಸುಳ್ಳು ಬ್ರೇಕಿಗಿಂತ ಇದು ಕಷ್ಟದ ಸಮಸ್ಯೆ. ಪದೇ ಪದೇ ತಪ್ಪುವ ಕಾರನ್ನು ಯಾರೂ ನಂಬುವುದಿಲ್ಲ, ಹಾಗಾಗಿ ಕಣ್ಣು ರಸ್ತೆಯ ಮೇಲೇ ಇರುತ್ತದೆ. ನೂರರಲ್ಲಿ 99 ಸಲ ಸರಿ ಮಾಡುವ ಕಾರಿನಲ್ಲಿ ಆ ಒಂದು ಸಲಕ್ಕೆ ಎಚ್ಚರ ಇರುವುದು ಮನುಷ್ಯನ ಸ್ವಭಾವಕ್ಕೆ ಆಗದ ಕೆಲಸ. ಹೆದ್ದಾರಿಯಲ್ಲಿ ಸ್ಟೀರಿಂಗ್ ಬಿಟ್ಟು ಇಸ್ಪೀಟ್ ಆಡುವವರ ವಿಡಿಯೋ ನೋಡಿ ನಾವು ನಗುತ್ತೇವೆ. ಅವರು ಮೂರ್ಖರು, ಸರಿ. ಭಾವ ಮೂರ್ಖರಲ್ಲ. ಇಪ್ಪತ್ತೈದು ವರ್ಷ ಗಾಡಿ ಓಡಿಸಿದವರು.

ಎಲ್ಲವೂ ಅಪ್‌ಡೇಟಿನ ತಪ್ಪು ಅಂತಲೂ ಅಲ್ಲ. ಕುಂದಾಪುರದ ಸ್ನೇಹಿತನೊಬ್ಬ ಅಪ್‌ಡೇಟ್ ಹಾಳು ಅಂತ ತಿಂಗಳುಗಟ್ಟಲೆ ಬಯ್ದ. ಕೊನೆಗೆ ನೋಡಿದರೆ ಬಂಪರಿಗೆ ಗೀರು ಬಿದ್ದಿತ್ತು ಅಂತ ಹೊರಗೆ ಪುಟ್ಟಿ ಹಾಕಿಸಿ ಪೇಂಟ್ ಮಾಡಿಸಿದ್ದ, ಸರಿಯಾಗಿ ರಾಡಾರ್ ಇರುವ ಜಾಗಕ್ಕೆ. ದಪ್ಪ ಪುಟ್ಟಿ, ದಪ್ಪ ಬಣ್ಣ ರಾಡಾರಿನ ಅಲೆಗೆ ಅಡ್ಡ. ಗ್ರಿಲ್ಲಿಗೆ ಮೆತ್ತಿದ ಕೆಂಪು ಕೆಸರೂ ಹಾಗೆಯೇ. ಮುಂದಿನ ಗ್ಲಾಸ್ ಒಡೆದು ಹೊಸದು ಹಾಕಿಸಿದರೆ ಕ್ಯಾಮರಾಕ್ಕೆ ಮತ್ತೆ ಅಳತೆ ಹೊಂದಿಸಬೇಕು, ಕ್ಯಾಲಿಬ್ರೇಶನ್ ಅನ್ನುತ್ತಾರೆ. ಕ್ಯಾಮರಾ ಒಂದು ಡಿಗ್ರಿ ಓರೆಯಾದರೆ 50 ಮೀಟರ್ ದೂರದಲ್ಲಿ ಸುಮಾರು 87 ಸೆಂಟಿಮೀಟರ್ ತಪ್ಪು. ನಮ್ಮ ಲೇನಿನ ಸ್ಕೂಟರ್ ಪಕ್ಕದ ಲೇನಿನದ್ದಾಗಿ ಕಾಣಲು ಅಷ್ಟು ಸಾಕು.

ಹಾಗಾದರೆ ಕಂಪನಿಗಳು ಏನು ಮಾಡಬೇಕು? ಇದಕ್ಕೆ ಹೊಸ ಯೋಚನೆ ಬೇಕಾಗಿಲ್ಲ, ನಿಯಮ ಈಗಾಗಲೇ ಇದೆ. 2021ರ ಜನವರಿಯಲ್ಲಿ ಜಾರಿಗೆ ಬಂದ ವಿಶ್ವಸಂಸ್ಥೆಯ 156ನೇ ವಾಹನ ನಿಯಮ ಸಾಫ್ಟ್‌ವೇರ್ ಅಪ್‌ಡೇಟಿನ ಬಗ್ಗೆಯೇ ಇದೆ. ಗಾಳಿಯಲ್ಲಿ, ಅಂದರೆ ಇಂಟರ್ನೆಟ್ ಮೂಲಕ, ಅಪ್‌ಡೇಟ್ ಕಳಿಸುವ ಮೊದಲು ಅದು ಯಾಕೆ, ವಾಹನದ ಯಾವ ಕೆಲಸ ಬದಲಾಗುತ್ತದೆ ಅಂತ ಬಳಸುವವರಿಗೆ ತಿಳಿಸಬೇಕು ಅಂತ ಅದು ಹೇಳುತ್ತದೆ. ಯುರೋಪಿನಲ್ಲಿ 2024ರ ಜುಲೈಯಿಂದ ಹೊಸದಾಗಿ ಮಾರುವ ಕಾರುಗಳಿಗೆ ಅದು ಕಡ್ಡಾಯ. ನಮ್ಮಲ್ಲಿ ಅದು ನೇರವಾಗಿ ಅನ್ವಯಿಸುವುದಿಲ್ಲ. ದೋಷ ಇರುವ ವಾಹನಗಳನ್ನು ವಾಪಸ್ ಕರೆಸುವ ಅಧಿಕಾರ ಮಾತ್ರ ಸರ್ಕಾರಕ್ಕಿದೆ, ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಬಂದ 110ಎ ಕಲಂ. ಆದರೆ ಬೇಗ ಬ್ರೇಕ್ ಹಾಕುವುದು ದೋಷವೋ ಗುಣವೋ? ಅದನ್ನು ದೋಷ ಅಂತ ಸಾಬೀತು ಮಾಡಲು ಮೊದಲು ಹೇಗಿತ್ತು ಅಂತ ಗೊತ್ತಿರಬೇಕು. ಅದೇ ಗೊತ್ತಿಲ್ಲವಲ್ಲ.

ಬಸ್ಸು, ಲಾರಿಗಳಿಗೂ ಅಡಾಸ್ ತರುವ ಪ್ರಯತ್ನ ನಡೆದಿದೆ. ತುರ್ತು ಬ್ರೇಕ್, ನಿದ್ದೆಯ ಎಚ್ಚರಿಕೆ, ಲೇನ್ ತಪ್ಪಿದರೆ ಎಚ್ಚರಿಕೆ ಇವನ್ನು ದೊಡ್ಡ ವಾಹನಗಳಿಗೆ ಕಡ್ಡಾಯ ಮಾಡುವ ಕರಡನ್ನು ಕೇಂದ್ರ ಸಾರಿಗೆ ಸಚಿವಾಲಯ 2025ರಲ್ಲಿ ಹೊರಡಿಸಿತ್ತು. ಎಕ್ಸ್‌ಪ್ರೆಸ್ ಬಸ್ಸೂ 44 ಮೀಟರ್ ಅಂತರ ಇಟ್ಟುಕೊಳ್ಳುವ ದಿನ ನೋಡಲು ನನಗೆ ತುಂಬಾ ಆಸೆ ಇದೆ. ಟೈಮಿಂಗ್ ಕೊಡುವವರೂ ಅಪ್‌ಡೇಟ್ ಆಗಬೇಕಾದೀತು.

ಸದ್ಯಕ್ಕೆ ನಾನು ಮಾಡುವುದು ಇಷ್ಟು. ಅಪ್‌ಡೇಟ್ ಆದ ವಾರದ ಭಾನುವಾರ ಬೆಳಗ್ಗೆ ಆರಕ್ಕೆ ಮೊದಲು ಕಾರು ತೆಗೆದು ಪಡುಬಿದ್ರಿಯಿಂದ ಕಾಪುವರೆಗೆ ಹೋಗಿ ಬರುತ್ತೇನೆ. ಆ ಹೊತ್ತಿಗೆ ಬಸ್ಸು ಕಡಿಮೆ, ಮಲ್ಪೆಯ ಮೀನಿನ ಲಾರಿಗಳು ಮಾತ್ರ ನೀರು ಸುರಿಸಿಕೊಂಡು ಹೋಗುತ್ತಿರುತ್ತವೆ. ಅಂತರದ ಸೆಟ್ಟಿಂಗ್ ಒಂದೊಂದಾಗಿ ಬದಲಿಸಿ ನೋಡುತ್ತೇನೆ. ಹಿಂದೆ ಯಾರೂ ಇಲ್ಲ ಅಂತ ಖಚಿತ ಮಾಡಿಕೊಂಡು, ಬಿಳಿ ಗೆರೆಯ ಮೇಲೆ ಮೆಲ್ಲ ಜಾರಿ, ಸ್ಟೀರಿಂಗ್ ಎಷ್ಟು ಎಳೆಯುತ್ತದೆ ಅಂತ ಕೈಯಲ್ಲಿ ಅಳೆಯುತ್ತೇನೆ. ಡಿಕ್ಕಿ ಎಚ್ಚರಿಕೆಯ ಸೆಟ್ಟಿಂಗ್ 'ಬೇಗ'ದಿಂದ 'ಸಾಧಾರಣ'ಕ್ಕೆ ಇಳಿಸಿದ ಮೇಲೆ ಹೆಜಮಾಡಿಯ ಹತ್ತಿರ ಸುಳ್ಳು ಬ್ರೇಕ್ ಮತ್ತೆ ಬಂದಿಲ್ಲ. ಅಪ್‌ಡೇಟ್ ಹಾಕುವಾಗ ಅದು ತಾನಾಗಿ 'ಬೇಗ'ಕ್ಕೆ ಹೋಗಿತ್ತು ಅಂತ ಕಾಣುತ್ತದೆ, ನಾನು ಮೊದಲು 'ಸಾಧಾರಣ'ದಲ್ಲೇ ಇಟ್ಟಿದ್ದೆ. ಈಗ ಎಲ್ಲ ಸೆಟ್ಟಿಂಗ್‌ಗಳ ಫೋಟೋ ಫೋನಿನಲ್ಲಿದೆ. ಸರ್ವಿಸ್‌ಗೆ ಬಿಡುವ ಮೊದಲು ಒಂದು, ತಂದ ಮೇಲೆ ಒಂದು.

ಹೋದ ವಾರ ಸರ್ವಿಸ್ ಸೆಂಟರಿನ ಅದೇ ಹುಡುಗ ಫೋನ್ ಮಾಡಿದ್ದ. ಇನ್ನೊಂದು ಅಪ್‌ಡೇಟ್ ಬಂದಿದೆಯಂತೆ. ಎಂತ ಬದಲಾಗಿದೆ ಅಂತ ನಾನು ಬಾಯಿ ತೆಗೆಯುವ ಮೊದಲೇ ಅವನೇ ಹೇಳಿದ: "ಕೇಳಿದ್ದೇನೆ ಸರ್, ಅವರು ಇನ್ನೂ ಹೇಳಲಿಲ್ಲ. ಹೇಳಿದ ಮೇಲೆ ಕಾರು ತನ್ನಿ."